ಬೀಗ ಹಾಕಿದ ಮನೆಯ ಮೀಟರು

ಹದಿನೆಂಟನೇ ಟ್ರಾಮು ಕೊನೆಯ ನಿಲ್ದಾಣದಲ್ಲಿ
ಖಾಲಿಯಾದ ಮೇಲೆ ನನ್ನ ಪಾಳಿ.
ಮೂರನೇ ಮಹಡಿ, ಹನ್ನೊಂದು ಕೋಣೆ, ಹನ್ನೊಂದು ಕಸದ ಬುಟ್ಟಿ,
ಮತ್ತೆ ಲುದೊವಿಕಾಳ ಹಲಗೆ.
ಮೂಲೆಯಲ್ಲಿ ಕೆಂಪು ಅಕ್ಷರ: ಅಳಿಸಬೇಡಿ.

ಅಳಿಸಿಲ್ಲ, ಏಳು ತಿಂಗಳಿಂದ.
ಚೌಕಟ್ಟು ಮಾತ್ರ ಒರೆಸುತ್ತೇನೆ,
ಮಲಗಿದ ಮಗುವಿನ ಸುತ್ತ ಗುಡಿಸುವ ಹಾಗೆ.

ರಾತ್ರಿ ಒಂದಾದರೂ ಅವಳು ಅಲ್ಲೇ,
ಬೂಟು ಬಿಚ್ಚಿ, ಕುರ್ಚಿಯ ಮೇಲೆ ಕಾಲು ಮಡಚಿ.
"ಝುಬೀರ್, ಇಲ್ಲಿ ನೋಡು" ಅಂದಳು ಒಮ್ಮೆ.
ಇಳಿಯುತ್ತ ಹೋಗುವ ಗೆರೆ. ನಡುವೆ ಒಂದು ಗುಳ್ಳೆ,
ಸೊಳ್ಳೆ ಕಚ್ಚಿದಷ್ಟು.
ಬೆಳಕಿನ ಕಣ ಜೋಡಿ ಜೋಡಿಯಾಗಿ ಬಂದಿವೆಯಂತೆ,
ಬರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು.
ಕಳಿಸಿದವರು ಯಾರೋ.

ಹಿಗ್ಸ್ ಒಬ್ಬನೇ ಇರಬೇಕೆಂದು ಯಾರು ಹೇಳಿದರು?
ಇನ್ನೊಂದು ಜೋಡಿ ಕ್ಷೇತ್ರ ಸೇರಿಸು, ಐವರಾಗುತ್ತಾರೆ:
ಆಗಲೇ ಸಿಕ್ಕವನು, ಅವನ ಅಣ್ಣ,
ಕನ್ನಡಿ ಮುಂದೆ ನಿಂತರೆ ಚಿಹ್ನೆ ಬದಲಿಸುವವನೊಬ್ಬ,
ವಿದ್ಯುತ್ತು ಹೊತ್ತ ಅವಳಿಗಳು, ಒಂದು ಕೂಡು ಒಂದು ಕಳೆ.
ನಾಲ್ವರು ಅಜ್ಞಾತವಾಸದಲ್ಲಿ.

ನಾನಂದೆ: ಬೆಜಾಯಾದಲ್ಲಿ ಕರೆಂಟಿನ ಮೀಟರು ಓದುತ್ತಿದ್ದೆ.
ಬಂದರಿನ ಮೇಲಿನ ಬೀದಿ, ನಲವತ್ತೊಂದನೇ ಮನೆ.
ಬೀಗಕ್ಕೆ ತುಕ್ಕು, ಕಿಟಕಿಗೆ ಹಲಗೆ ಹೊಡೆದಿತ್ತು,
ಮೀಟರಿನ ಚಕ್ರ ಮಾತ್ರ ತಿರುಗುತ್ತಿತ್ತು
ಮೆಲ್ಲಗೆ, ಕದ್ದು ಉಣ್ಣುವವರ ದವಡೆಯಂತೆ.
ತಂತಿ ಸೋರುತ್ತಿದೆ ಅಂದ ನಮ್ಮ ಮೇಸ್ತ್ರಿ.
ಒಳಗೆ ಜನ ಇದ್ದಾರೆ ಅಂದಳು ಎದುರುಮನೆಯ ತಸಾದಿತ್ ಅಜ್ಜಿ.
ನಾಲ್ವರು ಅಂದಳು, ಹೆಸರೂ ಇಟ್ಟಳು;
ಒಬ್ಬನಿಗೆ ಕೆಮ್ಮಂತೆ.

ಲುದೊವಿಕಾ ನಕ್ಕಳು: "ಆ ಅಜ್ಜಿ ನಮ್ಮ ವಿಭಾಗದವಳು."

ಆಮೇಲೆ ಹೊಸ ದತ್ತಾಂಶ ಬಂತು, ಮೊದಲಿನ ಮೂರು ಪಟ್ಟು.
ಗುಳ್ಳೆ ಬೆಳೆಯಲಿಲ್ಲ, ಒಡೆಯಲೂ ಇಲ್ಲ. ತಗ್ಗಿತು,
ಒಲೆಯಿಂದ ಬೇಗ ತೆಗೆದ ಬ್ರೆಡ್ಡಿನಂತೆ.
ಎರಡೂವರೆ ಸಿಗ್ಮಾ ಇದ್ದದ್ದು ಒಂದಕ್ಕಿಳಿಯಿತು.
"ಸಾವಿರ ಕಡೆ ಹುಡುಕಿದರೆ
ಒಂದು ಕಡೆ ಏನಾದರೂ ಉಬ್ಬಿಯೇ ಉಬ್ಬುತ್ತದೆ"
ಅಂದಳು, ಸಾವಿನ ಮನೆಯಲ್ಲಿ ಲೆಕ್ಕ ಒಪ್ಪಿಸುವ ದನಿಯಲ್ಲಿ.
ಗುಡ್ಡ ಅಗೆದದ್ದಕ್ಕೆ
ಒಂದು ಇಲಿಯಾದರೂ ಸಿಕ್ಕಿದ್ದರೆ.

ತಾನೇ ಒರೆಸಲು ಎದ್ದಳು. ಕೆಂಪು ಅಕ್ಷರ ಹೋಯಿತು,
ಅವಳಿಗಳು ಹೋದರು. ಅಣ್ಣನ ಹತ್ತಿರ ಕೈ ನಿಂತಿತು.
"ಆ ಮನೆ ಏನಾಯಿತು?"

ಮುಂದಿನ ಸಲ ಹೋದಾಗ ಚಕ್ರ ನಿಂತಿತ್ತು.
ತಂತಿ ಸರಿಹೋಯಿತೋ,
ಅವರೇ ಹೊರಟುಹೋದರೋ.
ಪುಸ್ತಕದಲ್ಲಿ ಎರಡಕ್ಕೂ ಬರೆಯುವುದು ಒಂದೇ: ಸೊನ್ನೆ.
ಬರೆದೆ. ಬರೆದು, ಮೆಟ್ಟಿಲಿಳಿಯುವ ಮುನ್ನ
ಯಾರೂ ನೋಡುತ್ತಿಲ್ಲವೆಂದು ನೋಡಿಕೊಂಡು
ಬಾಗಿಲಿಗೆ ಕಿವಿಯಿಟ್ಟೆ.