ಎಡಗೈಯ ಲೆಕ್ಕ

ಅದೆಮ್‌ನ ಗುಜರಿಯಲ್ಲಿ ಅದು ಗೋಡೆಗೆ ಒರಗಿ ನಿಂತಿರಲಿಲ್ಲ,
ಕೊಂಡಿಯಿಂದ ನೇತಾಡುತ್ತಿತ್ತು, ತೊಗಲು ಸುಲಿದ ಕುರಿಯ ಹಾಗೆ.
ಚಕ್ರ ಒಂದೇ. ಸೀಟಿನ ಜಾಗದಲ್ಲಿ ಸುತ್ತಿ ಕಟ್ಟಿದ ಗೋಣಿತಾಟು.
"ಇಟಲಿಯ ಮಾಲು, ಅಕ್ಕಾ," ಅಂದ.
"ಅವರು ಹೋಗಿ ಎಷ್ಟು ಕಾಲವಾಯಿತು," ಅಂದೆ.
"ತುಕ್ಕಿಗೂ ವಯಸ್ಸಿನ ಬೆಲೆಯುಂಟು," ಅಂದ.
ಚೌಕಾಸಿ ಮುಗಿಯುವಷ್ಟರಲ್ಲಿ
ಎರಡು ಲೋಟ ಚಹಾ ಆರಿ ತಣ್ಣಗಾಗಿತ್ತು.

ಅಸ್ಮಾರಾದ ಮೆದೆಬರಿನಲ್ಲಿ ದಿನವಿಡೀ ಸುತ್ತಿಗೆಯ ಸದ್ದು.
ಎಣ್ಣೆಡಬ್ಬ ಒಲೆಯಾಗುತ್ತದೆ, ಲಾರಿಯ ಟಯರು ಚಪ್ಪಲಿ.
ಅಲ್ಲೇ ಮೂಲೆಯ ಮೆಣಸಿನ ಗಿರಣಿಯಲ್ಲಿ
ಹದಿನಾರು ವರ್ಷ ಸೀನುತ್ತ ಬದುಕಿದವಳು ನಾನು.
ಸೈಕಲ್ ಹತ್ತಿದವಳಲ್ಲ.
ಆದರೆ ಗಿರಣಿಯ ಬೇರಿಂಗು ಬಿಚ್ಚಿ ತೊಳೆದು ಕೂರಿಸುವವಳಿಗೆ
ಪೆಡಲಿನ ಒಳಗುಟ್ಟು ಏನು ಮಹಾ.

ಮೊಣಕೈಯ ಕೆಳಗೆ ನಾಲ್ಕು ಬೆರಳಗಲ ಬಿಟ್ಟು
ಮಿಕ್ಕ ಬಲಗೈಯನ್ನು ಗುಂಡಿ ಕಾರ್ಖಾನೆಯ ಪ್ರೆಸ್ಸು ಇಟ್ಟುಕೊಂಡಿತು.
ಈಗ ಒಕ್ಬಾಯ್‌ನ ಅಂಗಿಯ ಗುಂಡಿ ಹಾಕುವುದು ನಾನು.
ಅದಕ್ಕೆ ಮೊದಲು, ಭಾನುವಾರಗಳಲ್ಲಿ,
ಮಸ್ಸಾವಾ ದಾರಿಯ ಇಳಿಜಾರಿನಲ್ಲಿ ಮೋಡದೊಳಕ್ಕೆ ನುಗ್ಗಿ ಮಾಯವಾಗುತ್ತಿದ್ದ,
ಸಂಜೆ ಹುಬ್ಬಿನ ತುಂಬ ಹನಿ ಹೊತ್ತು ಹತ್ತಿ ಬರುತ್ತಿದ್ದ.
ಈಗಲೂ ಹೋಗುತ್ತಾನೆ, ರೇಸು ನೋಡಲು, ಬೀದಿಯ ಅಂಚಿನವರೆಗೆ.
ಒಂದು ಕೈಯಲ್ಲಿ ಚಪ್ಪಾಳೆಯಾಗದು ಅನ್ನುವವರಿಗೆ
ತೊಡೆ ತಟ್ಟಿ ತೋರಿಸುತ್ತಾನೆ.

ಬ್ರೇಕು ಎರಡು, ಕೈ ಒಂದು.
ಇಷ್ಟೇ ಲೆಕ್ಕ. ಬಿಡಿಸಲು ಮಳೆಯ ಎರಡು ತಿಂಗಳು ಹಿಡಿಯಿತು.
ಹಿಂದಿನ ಚಕ್ರಕ್ಕೆ, ಹಿಮ್ಮುಖ ತುಳಿದರೆ ಕಚ್ಚಿ ಹಿಡಿಯುವ ಹಳೆಯ ಹಬ್ಬು,
ಕೆರೆನ್‌ನಿಂದ ಬಸ್ಸಿನ ತಲೆಯ ಮೇಲೆ ಈರುಳ್ಳಿ ಮೂಟೆಯ ಜೊತೆ ಬಂತು.
ಮುಂದಿನ ಬ್ರೇಕಿನ ತಂತಿಯನ್ನು ಎಡಕ್ಕೆ ಎಳೆದೆ.
ಗಂಟೆಯೂ ಎಡಕ್ಕೆ.
ಬಲಗಡೆ, ಮೊಂಡುಗೈ ಊರಲು,
ಬಟ್ಟಲಿನಂತೆ ಬಡಿದ ತಗಡು, ಒಳಗೆ ಕುರಿದೊಗಲು.
ಅಳತೆ ತೆಗೆದದ್ದು ಅವನು ನಿದ್ದೆಯಲ್ಲಿದ್ದಾಗ, ನೂಲಿನಿಂದ.
ಮಗ್ಗುಲಾದ. ಉಸಿರು ಬಿಗಿಹಿಡಿದು ಕೂತೆ, ಕಳ್ಳಿಯಂತೆ.

ಬಣ್ಣ ಕೆರೆದೆ. ಹಸಿರಿನಡಿ ಕಪ್ಪು, ಕಪ್ಪಿನಡಿ ಕೆಂಪು,
ಕೆಂಪಿನಡಿ ಬರೀ ಕಬ್ಬಿಣ.
ಯಾರ ಹೆಸರೂ ಗೀಚಿರಲಿಲ್ಲ. ಒಳ್ಳೆಯದೇ ಆಯಿತು.
ಅಂಗಡಿಯಲ್ಲಿ ಉಳಿದಿದ್ದು ಮನೆಬಾಗಿಲಿಗೆ ಬಳಿಯುವ ನೀಲಿಯೊಂದೇ.
ಬಾಗಿಲೇ ಆಗಲಿ ಅಂದುಕೊಂಡು ಬಳಿದೆ.

ಎಲ್ಲ ಮುಗಿದ ಮೇಲೆ ಒಂದು ಉಳಿಯಿತು:
ಒಂದೇ ಕೈಯಲ್ಲಿ ಇದು ನಿಲ್ಲುತ್ತದೆಯೇ?
ಪಕ್ಕದ ಮನೆಯ ಸಿರಾಕ್‌ನನ್ನು ಕೇಳಬಹುದಿತ್ತು,
ಆ ಹುಡುಗನ ಬಾಯಲ್ಲಿ ಎಳ್ಳುಕಾಳು ನೆನೆಯದು.
ಹಾಗಾಗಿ, ಬೀದಿದೀಪ ಹೋದ ರಾತ್ರಿಗಳಲ್ಲಿ,
ಮೇಲುಹೊದಿಕೆಯಿಂದ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು
ನಲವತ್ತೇಳನೆಯ ವಯಸ್ಸಿನಲ್ಲಿ ಸೈಕಲ್ ಕಲಿತೆ.
ಬಿದ್ದದ್ದೆಲ್ಲ ಬಲಕ್ಕೇ.
ಊರಲು ಕೈಯಿಲ್ಲದೆ ಬೀಳುವುದೆಂದರೇನೆಂದು
ಹನ್ನೊಂದು ವರ್ಷ ಅವನ ಗುಂಡಿ ಹಾಕಿಯೂ
ನನಗೆ ತಿಳಿದಿರಲಿಲ್ಲ.

ಹೊಸವರ್ಷದ ಬೆಳಿಗ್ಗೆ ಅಂಗಳಕ್ಕೆ ತಂದು ನಿಲ್ಲಿಸಿದೆ.
ಒಂದು ಸುತ್ತು ಬಂದ. ಗಂಟೆ ಬಾರಿಸಲಿಲ್ಲ.
ತಗಡಿನ ಬಟ್ಟಲಲ್ಲಿ ಮೊಂಡುಗೈ ಇಟ್ಟ, ತೆಗೆದ,
ಮತ್ತೆ ಇಟ್ಟ.
"ಸೀಟು ತಗ್ಗು," ಅಂದ.
"ಯಾರೋ ಕುಳ್ಳರು ಓಡಿಸಿದ್ದಾರೆ ಇದನ್ನು."
ಮೊಣಕಾಲಿನ ಗಾಯದ ಮೇಲೆ ಲಂಗ ಎಳೆದುಕೊಂಡೆ.
ಸ್ಪ್ಯಾನರು ಹುಡುಕಿ ತಂದ, ನಟ್ಟಿಗೆ ಕಚ್ಚಿಸಿದ.
ಜಗ್ಗಲಿಲ್ಲ ನಟ್ಟು; ಬಿಗಿದವಳು ನಾನು.
ಸೈಕಲ್ಲೇ ಅಲುಗಾಡಿ ವಾಲಿತು.
"ಹಿಡಿ," ಅಂದ.
ಹಿಡಿದೆ.
ಅಭ್ಯಾಸಬಲದಿಂದ, ಎಡಗೈಯಲ್ಲಿ.