ಜೂನ್ ಒಂದು

ಮಾಡಗ್ಯಾಳದ ನಮ್ಮ ಕನ್ನಡ ಶಾಲೆಯಲ್ಲಿ
ನೂರಾ ಹನ್ನೆರಡು ಮಕ್ಕಳು.
ತೊಂಬತ್ತು ಮಂದಿ ಹುಟ್ಟಿದ್ದು ಜೂನ್ ಒಂದಕ್ಕೆ.
ಅಷ್ಟೂ ಹೆರಿಗೆ ಮಾಡಿಸಿದ ಸೂಲಗಿತ್ತಿ ನಾನು,
ನನ್ನ ನೀಲಿ ಪೆನ್ನು.

ಕುರಿಯವರ ಮಕ್ಕಳಿಗೆ ತಾರೀಖು ಎಲ್ಲಿಂದ ಬರಬೇಕು?
"ಕುರಿ ಹೊಡಕೊಂಡು ಹೊಳಿ ದಂಡಿಗೆ ಹೋದಾಗ ಹಡದೇನ್ರಿ,"
ಅಂದಳು ಮಾಳವ್ವನ ತಾಯಿ,
"ಸಜ್ಜಿ ಹಾಲಗಾಳ ಇತ್ತು."
ರಿಜಿಸ್ಟರಿನಲ್ಲಿ ಸಜ್ಜೆಗೆ ಕಾಲಮ್ಮಿಲ್ಲ.
ಬಲಗೈ ತಲೆಯ ಮೇಲಿಂದ ತಂದು
ಎಡಗಿವಿ ಮುಟ್ಟವ್ವಾ, ಅಂದೆ.
ಮುಟ್ಟಿದಳು. ಮುಟ್ಟಿ, ಇನ್ನೂ ಕೆಳಗಿಳಿದು
ಓಲೆಯನ್ನೂ ಹಿಡಿದು ಎಳೆದು ನಕ್ಕಳು.
ಆರು ತುಂಬಿದೆ ಎಂದು ಬರೆದೆ.
ಐದೂ ತುಂಬಿರಲಿಲ್ಲ.
ಕೈ ಉದ್ದ ಇತ್ತು, ಅಷ್ಟೆ.

ಆ ಕೈ ದಾರಿ ಬಿಟ್ಟ ಕುರಿಯ ಮುಂದೆ
ಕುರಿಗೆ ತಾಗದ ಹಾಗೆ, ಒಂದು ಮೊಳ ಆಚೆ
ಕಲ್ಲು ಬೀಳಿಸಿ ತಿರುಗಿಸುವ ಕೈ.
ಜಿಲ್ಲೆಯಿಂದ ಒಮ್ಮೆ ಚೀಲ ಬಂತು:
ಎರಡು ಬ್ಯಾಟು, ಏಳು ಗ್ಲೌಸು, ಅರ್ಧ ಡಜನ್ ಚೆಂಡು,
ಬೇಸ್‌ಬಾಲ್ ಆಡಿಸಿರಿ ಎಂಬ ಸುತ್ತೋಲೆ.
ಆಡಿಸಿದೆ. ಮಾಳವ್ವ ಒಗೆದ ಮೊದಲನೇ ಚೆಂಡು
ಜಾಲಿಕಂಟಿ ದಾಟಿತು.
ಇನ್ನೂ ಸಿಕ್ಕಿಲ್ಲ.

ಜತ್ತದಲ್ಲಿ ಆಯ್ಕೆ. ಮೇಜಿನ ಮೇಲೆ ಮೂರು ಫೈಲು:
ಹದಿನಾಲ್ಕರ ಒಳಗೆ, ಹದಿನೇಳರ ಒಳಗೆ, ಹತ್ತೊಂಬತ್ತರ ಒಳಗೆ.
ತುದಿಗೊಂದು ಹಾಳೆ: ಆಟ ಬಲ್ಲವರು 'ಅ',
ಕಲಿಯಬೇಕಾದವರು 'ಬ'.
ಸಾಹೇಬರು ದಾಖಲೆ ತಿರುವಿ
ಬೆರಳನ್ನು ನಡುವಿನ ಫೈಲಿನ ಮೇಲಿಟ್ಟರು.
ಹದಿಮೂರರ ಹುಡುಗಿ ಸಾಹೇಬ್ರೇ, ಅಂದೆ.
"ಹಾಗಾದರೆ ಇದನ್ನು ಬರೆದವರು ಯಾರು?"
ಕೇಳಿದ್ದು ಮರಾಠಿಯಲ್ಲಿ.
ಕೆಳಗಿನ ಸಹಿ ಕನ್ನಡದಲ್ಲಿತ್ತು.

ಅವಳಪ್ಪ ಅಮೋಗಿ ಕಂಬಳಿ ಸರಿಸಿ ಮುಂದೆ ಬಂದ:
"ಹಲ್ಲ ನೋಡ್ರಿ ಸಾಹೇಬ್ರ.
ಸಂತ್ಯಾಗ ನಾವೇನ ಕಾಗದಾ ಕೇಳ್ತೀವೇನ್ರಿ?
ತುಟಿ ಎತ್ತಿ ನೋಡ್ತೀವಿ.
ಎರಡಲ್ಲಿಂದು ಎರಡಲ್ಲಿಂದ, ನಾಕಲ್ಲಿಂದು ನಾಕಲ್ಲಿಂದ."
ಮಾಳವ್ವ ಬಾಯಿ ತೆರೆದೇಬಿಟ್ಟಳು,
ಹೇಳಿದ ಮಾತು ಕೇಳುವ ಹುಡುಗಿ.
ಸಾಲಿನಲ್ಲಿದ್ದವರು ನಕ್ಕರು.
ನಾನು ನೆಲ ನೋಡಿದೆ.

ಹದಿನಾಲ್ಕರಲ್ಲಿ 'ಅ' ಆಗುತ್ತಿದ್ದವಳು
ಹದಿನೇಳರಲ್ಲಿ 'ಬ'.
ಮಿರಜಿನ ಹುಡುಗಿಯರ ತೋಳಿನ ಕೆಳಗೆ
ಅವಳ ಟೋಪಿ ಕಾಣುತ್ತಿತ್ತು.
ಮೈದಾನದ ಕೊನೆಗೆ, ಚೆಂಡು ಬರದ ಕಡೆ, ನಿಲ್ಲಿಸಿದರು.
"ಟಗರಿನ ದಡ್ಡ್ಯಾಗ ಮರಿ ಬಿಟ್ಟಂಗಾತು,"
ಅಮೋಗಿ ತಂಬಾಕು ತಿಕ್ಕಿದ.
ಸ್ವಲ್ಪ ಹೊತ್ತಿನ ಮೇಲೆ, ತನಗೇ:
"ನಿಂದರತೈತಿ."

ನಿಂತಳು. ಎರಡು ತಾಸು. ಬಿಸಿಲು ನೆತ್ತಿಯಿಂದ ಕಿವಿಗೆ ಬಂತು.
ಆಮೇಲೆ ಒಂದು ಚೆಂಡು ಪುಟಿದು ಅವಳ ಕಡೆ ಉರುಳಿತು.
"ಇಕಡೆ! ಇಕಡೆ!" ಯಾರೋ ಕೂಗಿದರು.
ಮರಾಠಿಯೋ ಕನ್ನಡವೋ,
ಆ ಒಂದು ಮಾತಿಗೆ ನಮ್ಮಲ್ಲಿ ಗಡಿ ಇಲ್ಲ.
ಅವಳು ಆಟ ಮರೆತಳು ಅಂತ ಕಾಣುತ್ತದೆ.
ಓಡುತ್ತಿದ್ದ ಹುಡುಗಿಯ ಮುಂದೆ
ಸರಿಯಾಗಿ ಒಂದು ಮೊಳ ಆಚೆ
ಚೆಂಡು ಬಂದು ಬಿತ್ತು.
ಆ ಹುಡುಗಿ ಗಕ್ಕನೆ ನಿಂತಳು. ತಿರುಗಿದಳು.
ಬಂದ ದಾರಿಯಲ್ಲೇ ವಾಪಸು ಓಡಿದಳು!

ನಿಯಮದ ಪುಸ್ತಕದಲ್ಲಿ ಅದಕ್ಕೆ ಏನಂತಾರೋ.
ತಂಡ ಸೋತಿತು, ಎಷ್ಟರಿಂದ ಎಂದು ನೆನಪಿಲ್ಲ.
ತಂತಿಯ ಆಚೆ ಅಮೋಗಿ ಒಬ್ಬನೇ
ಹಿಂಡು ತಿರುಗಿದಾಗ ಹಾಕುವ ಸಿಳ್ಳು ಹಾಕಿದ.

ಈ ಜೂನಿನಲ್ಲಿ ಮತ್ತೆ ರಿಜಿಸ್ಟರು ಬಿಚ್ಚಿದ್ದೇನೆ.
ಮುಂದೆ ಒಬ್ಬ ಪೋರ,
ಕೈ ತಲೆ ಸುತ್ತಿ ಬಂದು ಹುಬ್ಬಿಗೇ ನಿಂತಿದೆ,
ಬೆರಳು ಕಿವಿ ಹುಡುಕುತ್ತಿವೆ.
ಇಳಿಸಪ್ಪಾ ಕೈ, ಅಂದೆ.
ಪೆನ್ನಿನ ಮುಚ್ಚಳ ಹಾಕಿ ಅವನ ತಾಯಿಯನ್ನು ಕೇಳಿದೆ:
ಹೇಳವ್ವಾ,
ಅವತ್ತು ಸಜ್ಜಿ ಎಷ್ಟೆತ್ತರ ಇತ್ತು?