ಮೂರನೇ ನಂಬರು

ಹಳೇ ಬಂದರಿನ ಸಿಗ್ನಲ್ ಕಂಬದ ಬುಡಕ್ಕೆ
ದಿನಾ ನಾಲ್ಕಕ್ಕೆ ಚಾ ಒಯ್ಯುತ್ತಿದ್ದವಳು ನಾನು.
ಲೋಟ ಮುಟ್ಟುವ ಮೊದಲು ಇದಿನಬ್ಬ
ಆಕಾಶಕ್ಕೊಮ್ಮೆ ಮೂಗೊಡ್ಡುತ್ತಿದ್ದ.
"ಎಲ್ಲದಕ್ಕೂ ಬಿರುಗಾಳಿ ಅನ್ನಬೇಡ ಮಗಳೇ,
ಒಂದೊಂದಕ್ಕೂ ತಾಯಿ ಬೇರೆ ಉಂಟು."

ಪತ್ತನಾಜೆಗೆ ಮುಂಚಿನದ್ದು ನೆಲದ ಮಗು.
ಹಂಚು ಕಾದು, ಡಾಮರು ಕಾದು, ಗದ್ದೆಯ ಕೂಳೆ ಕಾದು
ಬಿಸಿಯುಸಿರು ಏರಿ ಏರಿ
ಮೂಡಣದಲ್ಲಿ ಹಾಲಿನ ಹಾಗೆ ಉಕ್ಕಿ
ಮೇಲೆ ಮುಚ್ಚಳ ತಾಗಿದಂತೆ ಚಪ್ಪಟೆಯಾಗಿ
ಘಟ್ಟ ಇಳಿದು ಬರುತ್ತದೆ.
ಮೊದಲು ತಣ್ಣಗಿನ ಗಾಳಿ, ಧೂಳು, ಆಮೇಲೆ ಗುಡುಗು.
ಒಂದು ಗಂಟೆಯ ಸಿಟ್ಟು.
ಒಣಹಾಕಿದ ಹಪ್ಪಳ ಹೋಗುತ್ತದೆ, ಫಳ್ನೀರಿನ ಕರೆಂಟು ಹೋಗುತ್ತದೆ,
ಯಾರದೋ ತೆಂಗು ಹೊಗೆಯಾಡುತ್ತದೆ.

ಒಮ್ಮೆ ಬೆಂಗ್ರೆಯಾಚೆ ಮೋಡದಿಂದ ಸೊಂಡಿಲಿಳಿದಿತ್ತು.
ಕಡಲು ಕುಡಿಯುವ ಆನೆ ಎಂದರು ಜನ.
"ಕುಡಿಯುವುದಿಲ್ಲ, ಬರೇ ತಿರುಗುವುದು.
ನಿನಗೆ ಕಾಣುವುದು ತಣಿದ ಉಸಿರು."
ಹನ್ನೆರಡು ನಿಮಿಷ.
ಬೀಡಿ ಕಟ್ಟಿನ ಕಾಗದದಲ್ಲಿ ಬರೆದಿಟ್ಟ.

ಕಡಲಿನ ಮಗುವಿಗೆ ಮಾತ್ರ ಅವಸರವಿಲ್ಲ.
ಲಕ್ಷದ್ವೀಪದಾಚೆ, ಸ್ನಾನದ ನೀರಿನಷ್ಟು ಬೆಚ್ಚಗಿನಲ್ಲಿ
ನಾಲ್ಕು ದಿನ ಕೂತು
ಸುತ್ತಲಿನ ಗಾಳಿಯನ್ನೆಲ್ಲ ಕರೆಯುತ್ತದೆ.
ನೇರ ಹೊರಟ ಗಾಳಿ ನೇರ ತಲುಪುವುದಿಲ್ಲ,
ಭೂಮಿಯೇ ತಿರುಗುತ್ತಿದೆಯಲ್ಲ,
ಓರೆಯಾಗಿ, ಅಪ್ರದಕ್ಷಿಣೆ ಹಾಕಿ ಹಾಕಿ
ನಡುವೆ ಒಂದಿಷ್ಟು ಖಾಲಿ ಬಿಡುತ್ತದೆ.
ಆ ಖಾಲಿಯಲ್ಲಿ ಬಿಸಿಲುಂಟಂತೆ, ಹಕ್ಕಿಯುಂಟಂತೆ.

ಆ ವರ್ಷ ಮೇ ಕೊನೆಗೆ
ಮೂರನೇ ನಂಬರು ಏರಿಸಿದ.
ಕಪ್ಪು ಶಂಕು ನೋಡಿ ಬೋಟುಗಳೆಲ್ಲ ವಾಪಸು.
ಮೇಲೆ ತೊಳೆದಿಟ್ಟಂಥ ನೀಲಿ. ಎಲೆ ಅಲುಗದು.
"ಮಳೆಗಾಲದ ರಜೆಗೆ ಮುಂಚಿನ ಕೊನೇ ವಾರ,
ನಿನ್ನ ಕಣ್ಣಿಗೆ ಪೊರೆ ಬಂದಿದೆ" ಎಂದ ಲೋಕಯ್ಯ ಪುತ್ರನ್,
ಐಸು ಕರಗುವುದನ್ನು ನೋಡುತ್ತ.
ಇದಿನಬ್ಬ ಅಳಿವೆ ಬಾಗಿಲಿಗೆ ಬೆರಳು ತೋರಿಸಿದ:
ಗಾಳಿಯಿಲ್ಲದೆ ಅಲೆ.
ಉದ್ದುದ್ದ, ನಿಧಾನ, ಗಿಡ್ಡ ಅಲೆಗಳ ಮಧ್ಯೆ
ಪರವೂರಿನವರ ಹಾಗೆ.
"ಗಾಳಿಗಿಂತ ಮುಂಚೆ ಅದರ ಸುದ್ದಿ ಹೊರಡುತ್ತದೆ."

ಬರಲಿಲ್ಲ ಅದು. ಒಮಾನಿಗೆ ಹೋಯಿತು.
ಹೋಗುವಾಗ ನಮ್ಮ ಮೋಡಗಳನ್ನೂ ಕರೆದುಕೊಂಡು.
ಜೂನ್ ಇಪ್ಪತ್ತಾದರೂ ಹನಿಯಿಲ್ಲ,
ತುಂಬೆ ಡ್ಯಾಮಿನಲ್ಲಿ ಬಂಡೆಗಳು ಬೆನ್ನು ಕಾಯಿಸಿದವು,
ನಳದ ನೀರು ಮೂರು ದಿನಕ್ಕೊಮ್ಮೆ.
ಬಂದರೆ ಸರಿ. ಬಾರದೆ ಕೊಟ್ಟ ಪೆಟ್ಟಿಗೆ ಸಿಗ್ನಲ್ ಉಂಟಾ
ಎಂದು ಕೇಳಿದೆ.
ಅವ ಶಂಕುವಿನ ಧೂಳು ಒರೆಸುತ್ತಿದ್ದ,
ಒರೆಸುತ್ತಲೇ ಇದ್ದ.

ಈಗ ಕಂಬಕ್ಕೆ ತುಕ್ಕು. ಎಚ್ಚರಿಕೆ ಫೋನಿಗೆ ಬರುತ್ತದೆ,
ಹೆಸರಿಟ್ಟುಕೊಂಡೇ ಬರುತ್ತದೆ.
ನಾನು ಮಾತ್ರ ಜೂನಿನ ಬೆಳಿಗ್ಗೆ ನಳ ತಿರುಗಿಸಿ
ಕೊಡದೊಳಗೆ ಬರೀ ಗಾಳಿ ಸುಂಯ್ ಎಂದಾಗ
ಪಡುವಣಕ್ಕೆ ತಿರುಗಿ ನಿಲ್ಲುತ್ತೇನೆ.